ಪಚ್ಚಿಲೆ ಬೆಳೆಯುವವರು ಹಿನ್ನೀರಿನ ಆರೋಗ್ಯ ನೋಡಿಕೊಳ್ಳುವ ಕ್ರಮ

ಪಚ್ಚಿಲೆ, ನೀಲಿಕಲ್ಲು, ಕಲ್ಲುಮ್ಮಕಾಯ್ ಎಂದೆಲ್ಲ ಊರಿಗೊಂದು ಹೆಸರಿರುವ ಈ ಹಸಿರು ಚಿಪ್ಪಿನ ಜೀವಿಗೆ ಮೇವು ಹಾಕಬೇಕಾಗಿಲ್ಲ, ಔಷಧಿ ಸುರಿಯಬೇಕಾಗಿಲ್ಲ. ಮರಿಗಳನ್ನು ಹಗ್ಗಕ್ಕೆ ಕಟ್ಟಿ ಉಪ್ಪುನೀರಿನಲ್ಲಿ ಇಳಿಬಿಟ್ಟರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನೇ ಸೋಸಿ ತಿಂದು ಐದಾರು ತಿಂಗಳಲ್ಲಿ ಮಾರಾಟಕ್ಕೆ ಬರುತ್ತದೆ. ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿ, ವಲಿಯಪರಂಬದ ಮರಳುಪಟ್ಟಿಯ ಹಿಂದೆ ಕಡಲಿಗೆ ಸಮಾನಾಂತರವಾಗಿ ಚಾಚಿಕೊಂಡಿರುವ ಕವ್ವಾಯಿ ಹಿನ್ನೀರಿನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳು ಈ ಕೃಷಿಯನ್ನು ಕೈಗೆತ್ತಿಕೊಂಡವು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಾಂತ್ರಿಕ ನೆರವು ನೀಡಿತು. ಪಡನ್ನ, ಚೆರುವತ್ತೂರು ಕಡೆಯ ಆ ಕೆಲಸ ದೇಶದ ಪಚ್ಚಿಲೆ ಕೃಷಿಗೇ ಮಾದರಿಯಾಯಿತು. ಕರ್ನಾಟಕದಲ್ಲೂ ಮೂಲ್ಕಿ, ಬೈಂದೂರು ಕಡೆಯ ಅಳಿವೆಗಳಲ್ಲಿ ಪಚ್ಚಿಲೆ ಬೆಳೆದವರಿದ್ದಾರೆ.

ಈ ಕೃಷಿಯ ಬಗ್ಗೆ ಎರಡು ಮಾತು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಪಚ್ಚಿಲೆ ನೀರನ್ನು ಶುದ್ಧ ಮಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ಪಚ್ಚಿಲೆ ಹಾಕಿದ ಮೇಲೆ ಹೊಳೆಯ ಕೆಸರು ನಾರತೊಡಗಿತು ಎಂದು ಇನ್ನು ಕೆಲವರು ದೂರುತ್ತಾರೆ. ಒಂದೇ ಹಿನ್ನೀರಿನಲ್ಲಿ, ಒಂದೇ ವರ್ಷದಲ್ಲಿ ಎರಡೂ ನಿಜವಾಗಬಲ್ಲವು. ಯಾವುದು ನಿಜವಾಗುತ್ತದೆ ಎಂಬುದು ನೀರಿನ ಓಡಾಟ, ಹಗ್ಗಗಳ ಸಂಖ್ಯೆ ಮತ್ತು ನಮ್ಮ ನಿಗಾ, ಈ ಮೂರರ ಮೇಲೆ ನಿಂತಿದೆ. ಕೃಷಿಗೆ ಇಳಿಯಲಿರುವ ಗುಂಪುಗಳು, ಅನುಮತಿಯ ಅರ್ಜಿ ನೋಡುವ ಪಂಚಾಯತಿ ಸದಸ್ಯರು, ಹಿನ್ನೀರಿನ ದಡದಲ್ಲಿ ಬದುಕುವವರು ತಾವೇ ಅಳೆದು ನೋಡಿ ನಿರ್ಧರಿಸಲು ಬೇಕಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ದುಬಾರಿ ಯಂತ್ರಗಳು ಬೇಕಿಲ್ಲ. ತಪ್ಪದೆ ಬರೆದಿಡುವ ಒಂದು ಪುಸ್ತಕ ಮಾತ್ರ ಬೇಕೇ ಬೇಕು.

ಮೊದಲು: ಪಚ್ಚಿಲೆ ಮಾಡುವ ಕೆಲಸವನ್ನು ಲೆಕ್ಕ ಹಾಕಿ ನೋಡಿ

ಬೆಳೆದ ಒಂದು ಪಚ್ಚಿಲೆ ಗಂಟೆಗೆ ಒಂದೆರಡು ಲೀಟರಿನಿಂದ ನಾಲ್ಕೈದು ಲೀಟರ್‌ವರೆಗೆ ನೀರನ್ನು ಕಿವಿರುಗಳ ಮೂಲಕ ಹಾಯಿಸುತ್ತದೆ. ಕಡಿಮೆಯ ಲೆಕ್ಕವನ್ನೇ ಹಿಡಿಯೋಣ, ಗಂಟೆಗೆ ಎರಡು ಲೀಟರ್. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ, ಹಗ್ಗಗಳನ್ನು ಇಳಿಬಿಡಲು ನೀರಿನಲ್ಲಿ ಕಟ್ಟುವ ಬಿದಿರಿನ ಚಪ್ಪರದಲ್ಲಿ ಅರ್ಧ ಮೀಟರಿಗೆ ಒಂದರಂತೆ ಹಗ್ಗ ಕಟ್ಟಿದರೆ 100 ಹಗ್ಗಗಳಾಗುತ್ತವೆ. ಮೀಟರ್ ಉದ್ದದ ಒಂದೊಂದು ಹಗ್ಗದಲ್ಲಿ ಹತ್ತು ಕೆಜಿ ಬಂದರೆ ಚಪ್ಪರಕ್ಕೆ ಒಂದು ಟನ್, ಅಂದರೆ ಸುಮಾರು 35 ರಿಂದ 40 ಸಾವಿರ ಪಚ್ಚಿಲೆ. ಇವೆಲ್ಲ ಸೇರಿ ಗಂಟೆಗೆ 70-80 ಸಾವಿರ ಲೀಟರ್ ನೀರನ್ನು ಸೋಸುತ್ತವೆ. ಚಪ್ಪರದ ಅಡಿಯಲ್ಲಿ ಎರಡು ಮೀಟರ್ ಆಳವಿದ್ದರೆ ಅಲ್ಲಿರುವ ನೀರು 50 ಸಾವಿರ ಲೀಟರ್ ಮಾತ್ರ.

ಅಂದರೆ ನಿಂತ ನೀರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಚಪ್ಪರ ತನ್ನ ಅಡಿಯ ನೀರನ್ನೆಲ್ಲ ಸೋಸಿ ಮುಗಿಸುತ್ತದೆ. ಅದೇ ನೀರು ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ಐದು ಮೀಟರ್ ಚಪ್ಪರವನ್ನು 25 ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಮುಂದೆ ಹೇಳಲಿರುವ ಎಲ್ಲ ಸಲಹೆಗಳ ಬೇರು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಸೋಸಿದ್ದೆಲ್ಲ ಎಲ್ಲಿ ಹೋಗುತ್ತದೆ? ಒಂದು ಪಾಲು ಪಚ್ಚಿಲೆಯ ಮೈಯಾಗುತ್ತದೆ. ಒಂದು ಪಾಲು ಅಮೋನಿಯಾ ರೂಪದಲ್ಲಿ ಮತ್ತೆ ನೀರಿಗೆ ಬಂದು ಪಾಚಿಗೆ ಗೊಬ್ಬರವಾಗುತ್ತದೆ. ಉಳಿದದ್ದು ಹಿಕ್ಕೆಯಾಗಿ ತಳಕ್ಕೆ ಇಳಿಯುತ್ತದೆ. ತಿನ್ನಲಾಗದ ಮಣ್ಣಿನ ಕಣಗಳನ್ನೂ ಪಚ್ಚಿಲೆ ಲೋಳೆಯಲ್ಲಿ ಸುತ್ತಿ ಹೊರಗೆಸೆಯುತ್ತದೆ, ಅದೂ ತಳಕ್ಕೇ ಹೋಗುತ್ತದೆ. ಹಾಗಾಗಿ ಮೇಲಿನ ನೀರು ತಿಳಿಯಾಗುತ್ತದೆ, ಬೆಳಕು ಕೆಳಗಿಳಿಯುತ್ತದೆ. ಇದು ಹಿನ್ನೀರಿಗೆ ಒಳ್ಳೆಯದೇ. ಆದರೆ ಮೇಲೆ ತೇಲುತ್ತಿದ್ದ ಹೊರೆ ಈಗ ಚಪ್ಪರದ ಅಡಿಯಲ್ಲಿ ರಾಶಿ ಬೀಳುತ್ತಿರುತ್ತದೆ. ಹರಿವಿದ್ದಲ್ಲಿ ಅದು ದೂರದೂರಕ್ಕೆ ಚದುರುತ್ತದೆ, ಹುಳುಗಳೂ ಬ್ಯಾಕ್ಟೀರಿಯಾಗಳೂ ಅರಗಿಸಿಕೊಳ್ಳುತ್ತವೆ. ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕ ಇರುವವರೆಗೆ ಅಲ್ಲಿನ ಬ್ಯಾಕ್ಟೀರಿಯಾಗಳು ಸಾರಜನಕದ ಒಂದು ಭಾಗವನ್ನು ಅನಿಲವನ್ನಾಗಿ ಮಾಡಿ ಗಾಳಿಗೆ ಬಿಡುತ್ತವೆ. ಹಿನ್ನೀರಿಗೆ ನಿಜವಾದ ಲಾಭ ಇದು. ಹರಿವಿಲ್ಲದಲ್ಲಿ ಅದೇ ರಾಶಿ ಕೊಳೆತು ಕೆಸರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಆಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅಮೋನಿಯಾವೂ ರಂಜಕವೂ ಕೆಸರಿನಿಂದ ಮೇಲೇಳುತ್ತವೆ.

ಇಟಲಿಯ ಪೋ ನದಿಯ ಮುಖಜ ಭೂಮಿಯಲ್ಲಿರುವ ಸಾಕ್ಕಾ ದಿ ಗೋರೊ ಎಂಬ ಹಿನ್ನೀರಿನಲ್ಲಿ ಇದೇ ಆಯಿತು. ಅದು ಸರಾಸರಿ ಒಂದೂವರೆ ಮೀಟರ್ ಆಳದ, ದಟ್ಟವಾಗಿ ಮರುವಾಯಿ ಜಾತಿಯ ಚಿಪ್ಪು ಬೆಳೆಯುವ ಜಾಗ. ಚಿಪ್ಪುಗಳೂ ಕೆಸರೂ ಬಿಟ್ಟುಕೊಡುವ ಅಮೋನಿಯಾ ಮತ್ತು ರಂಜಕ ಅಲ್ಲಿನ ಹಸಿರು ಪಾಚಿಗೆ ಗೊಬ್ಬರವಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ನದಿ ತರುವ ಪೋಷಕಾಂಶಗಳ ಜೊತೆ ಇದೂ ಸೇರಿ ಪಾಚಿ ಹುಚ್ಚೆದ್ದು ಬೆಳೆಯುತ್ತಿತ್ತು. 1992ರ ಬೇಸಿಗೆಯಲ್ಲಿ ಪಾಚಿ ಒಮ್ಮೆಲೇ ಕೊಳೆತು ನೀರಿನ ಆಮ್ಲಜನಕ ಇಲ್ಲವಾಯಿತು.

ಜಾಗ ಆರಿಸುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಜಾಗ ಸರಿ ಇಲ್ಲದಿದ್ದರೆ ಮುಂದಿನ ಯಾವ ಜಾಣತನವೂ ಉಪಯೋಗಕ್ಕೆ ಬರುವುದಿಲ್ಲ.

ಹರಿವನ್ನು ಅಳೆಯಲು ಹತ್ತು ಮೀಟರ್ ಅಂತರದಲ್ಲಿ ಎರಡು ಗಳ ನೆಡಿ. ಒಂದು ಎಳನೀರು ಕಾಯಿಯನ್ನು ನೀರಿಗೆ ಬಿಟ್ಟು, ಒಂದು ಗಳದಿಂದ ಇನ್ನೊಂದಕ್ಕೆ ತಲುಪಲು ಬೇಕಾದ ಸೆಕೆಂಡುಗಳನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. ಎಳನೀರು ಬಹುಪಾಲು ಮುಳುಗಿ ತೇಲುವುದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ ಬಿಟ್ಟರೆ ಅಳೆಯುವುದು ಗಾಳಿಯ ವೇಗವಾಗುತ್ತದೆ. ಉಬ್ಬರ ಅಥವಾ ಇಳಿತದ ನಡುವಿನ ಹೊತ್ತಿನಲ್ಲಿ 40ರಿಂದ 60 ಸೆಕೆಂಡಿನೊಳಗೆ ಹತ್ತು ಮೀಟರ್ ಸಾಗಿದರೆ ಜಾಗ ಚೆನ್ನಾಗಿದೆ. ಮೂರು ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಆ ಜಾಗವನ್ನು ಬಿಟ್ಟುಬಿಡಿ, ದಡಕ್ಕೆ ಎಷ್ಟೇ ಹತ್ತಿರವಿರಲಿ, ಕಾವಲಿಗೆ ಎಷ್ಟೇ ಅನುಕೂಲವಾಗಿರಲಿ.

ಈ ಅಳತೆಯನ್ನು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದಿನ ಮಾಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಆಗ ಉಬ್ಬರವಿಳಿತದ ಜೋರು ಹೆಚ್ಚು, ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ನೀರಿನ ಏರಿಳಿತ ಅತಿ ಕಡಿಮೆ ಇರುತ್ತದೆ, ನಿಮ್ಮ ಪಚ್ಚಿಲೆ ಕಷ್ಟಪಡುವುದೂ ಆಗಲೇ. ಆದ್ದರಿಂದ ಅಷ್ಟಮಿಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಳಿವೆಯ ಬಾಯಿ ಮರಳಿನಿಂದ ಕಿರಿದಾಗುವ ಊರುಗಳಲ್ಲಿ ಬಾಯಿ ಯಾವ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಬೀಸುಬಲೆಯವರಲ್ಲಿ ವಿಚಾರಿಸಿ. ಅವರಿಗೆ ಅದು ಯಾವ ನಕಾಶೆಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಕರಾವಳಿಗೆ ಉಬ್ಬರವಿಳಿತ ದೊಡ್ಡ ವರ. ದಿನಕ್ಕೆ ಎರಡು ಬಾರಿ ಕಡಲು ಒಳಗೆ ಬಂದು ಹೊರಗೆ ಹೋಗುತ್ತದೆ. ಫ್ರಾನ್ಸಿನ ಮೆಡಿಟರೇನಿಯನ್ ದಂಡೆಯಲ್ಲಿರುವ ತೋ ಹಿನ್ನೀರಿಗೆ ಈ ಭಾಗ್ಯವಿಲ್ಲ. ಅದು ಸುಮಾರು 7,500 ಹೆಕ್ಟೇರಿನ, ಸಿಂಪಿ ಕೃಷಿಗೆ ಹೆಸರಾದ ಹಿನ್ನೀರು. ಅಲ್ಲಿ ಉಬ್ಬರವಿಳಿತ ಬಹಳ ಕಡಿಮೆ. ಬೇಸಿಗೆಯಲ್ಲಿ ಗಾಳಿ ಬೀಸದೆ ಬಿಸಿಲೇರಿದರೆ ತಳದ ಆಮ್ಲಜನಕ ಬರಿದಾಗಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಚಿಪ್ಪುಗಳು ಸಾಮೂಹಿಕವಾಗಿ ಸಾಯುತ್ತವೆ. 1975ರಲ್ಲಿ, 2006ರಲ್ಲಿ, ಮತ್ತೆ 2018ರಲ್ಲಿ ಅಲ್ಲಿನ ಕೃಷಿಕರು ಇದನ್ನು ಅನುಭವಿಸಿದರು. ಮೂಲೆಯ ಕೊಲ್ಲಿಯಲ್ಲಿ, ಸೇತುವೆಯ ಮಣ್ಣುದಿಬ್ಬದ ಹಿಂದೆ, ಮುಚ್ಚಿದ ತೋಡಿನಲ್ಲಿ ಚಪ್ಪರ ಹಾಕಿದರೆ ಉಬ್ಬರವಿಳಿತದ ವರವನ್ನು ನಾವು ಕೈಯಾರೆ ಕಳೆದುಕೊಂಡಂತೆ.

ಉಪ್ಪಿನಂಶವನ್ನು ರೆಫ್ರಾಕ್ಟೋಮೀಟರಿನಲ್ಲಿ ನೋಡಿ, ಸಿಗಡಿ ಕೃಷಿಕರ ಬಳಿ ಇದು ಇದ್ದೇ ಇರುತ್ತದೆ. ಪಚ್ಚಿಲೆಗೆ 27ರಿಂದ 35 ಪಿಪಿಟಿ, ಅಂದರೆ ಸಾವಿರ ಭಾಗ ನೀರಿನಲ್ಲಿ ಅಷ್ಟು ಭಾಗ ಉಪ್ಪು, ಹಿತ. ಮೇಲಿನ ನೀರು ಮತ್ತು ತಳದ ನೀರು ಎರಡನ್ನೂ ಅಳೆಯಬೇಕು, ಏಕೆಂದರೆ ಸಿಹಿನೀರು ಹಗುರವಾದ್ದರಿಂದ ಮೇಲೆಯೇ ಹಾಸಿಕೊಂಡಿರುತ್ತದೆ. ಎರಡರ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ಮೇಲಿನ ಆಮ್ಲಜನಕ ತಳಕ್ಕೆ ಇಳಿಯುತ್ತಿಲ್ಲ ಎಂದು ತಿಳಿಯಿರಿ. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟಿದ್ದರೆ ನೀರು ಬಿಡುವ ಕಾಲವನ್ನೂ ತಿಳಿದುಕೊಳ್ಳಬೇಕು. ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಗಾಗಿ ವರ್ಷವಿಡೀ ಹರಿದುಬರುವ ಸಿಹಿನೀರಿನಿಂದ ಹೊನ್ನಾವರದ ಅಳಿವೆಯ ಉಪ್ಪಿನಂಶ ಕುಸಿದು, ಒಂದು ಕಾಲಕ್ಕೆ ಅಲ್ಲಿ ಹೇರಳವಾಗಿದ್ದ ಚಿಪ್ಪುಜೀವಿಗಳು ಬಹುಮಟ್ಟಿಗೆ ಕಣ್ಮರೆಯಾದವು. ಪಕ್ಕದಲ್ಲೇ ಇರುವ, ದೊಡ್ಡ ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಇಂದಿಗೂ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ನೂರಾರು ಕುಟುಂಬಗಳು ಬದುಕುತ್ತಿವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿ ರಾಮ್ಸರ್ ತಾಣವೂ ಆಯಿತು.

ಬಳಚಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬಳಚು, ಮರುವಾಯಿ ಹೆಕ್ಕುವ ದಿಬ್ಬಗಳ ಮೇಲೆ ಪಚ್ಚಿಲೆಯ ಚಪ್ಪರ ಹಾಕಬಾರದು. ಚಪ್ಪರದ ಹಿಕ್ಕೆ ಬೀಳುವುದು ಕೆಳಗಿರುವ ಆ ಜೀವಿಗಳ ಮೇಲೆ. ಅವನ್ನೇ ನಂಬಿರುವ ಹೆಂಗಸರ ತುತ್ತಿನ ಪ್ರಶ್ನೆಯೂ ಅದರಲ್ಲಿದೆ. ಚಪ್ಪರದ ಗುಂಪಿನವರೂ ಬಳಚು ಹೆಕ್ಕುವವರೂ ಮೊದಲೇ ಕುಳಿತು ಗಡಿ ಹಾಕಿಕೊಂಡರೆ ಮುಂದಿನ ಜಗಳ ತಪ್ಪುತ್ತದೆ.

ಹಗ್ಗ ಇಳಿಸುವ ಮುನ್ನ ಮೊದಲ ದಾಖಲೆ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೃಷಿ ಶುರುವಾಗುವ ಮೊದಲು ಹಿನ್ನೀರು ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಮುಂದೆ ನೀರು ಕೆಟ್ಟಾಗ ಅದು ಪಚ್ಚಿಲೆಯಿಂದಲೋ ಮೇಲಿನ ಊರಿನ ಚರಂಡಿಯಿಂದಲೋ ಎಂದು ಯಾರೂ ಹೇಳಲಾರರು. ಒಂದು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗಿನ ಪಕ್ಷದಲ್ಲಿ ನಾಲ್ಕೈದು ಬಾರಿಯಾದರೂ ಅಳೆಯಿರಿ. ಚಪ್ಪರ ಬರಲಿರುವ ಜಾಗದಲ್ಲಿ ಒಂದು, ಅಷ್ಟೇ ಆಳದ, ಅಂಥದೇ ತಳವಿರುವ, ಆದರೆ ಚಪ್ಪರದಿಂದ ಕೆಲವು ನೂರು ಮೀಟರ್ ದೂರದ ಜಾಗದಲ್ಲಿ ಇನ್ನೊಂದು. ಎರಡನೆಯದು ನಿಮ್ಮ ಹೋಲಿಕೆಯ ಜಾಗ. ಅಲ್ಲಿ ಮುಂದೆಯೂ ಏನನ್ನೂ ಬೆಳೆಯಬಾರದು.

ನೀರಿನ ತಿಳಿಯನ್ನು ಅಳೆಯಲು 20 ಸೆಂಟಿಮೀಟರ್ ಅಗಲದ ತಟ್ಟೆಯೊಂದಕ್ಕೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಹಚ್ಚಿ, ಅಡಿಗೆ ಭಾರ ಕಟ್ಟಿ, ಅಳತೆ ಗುರುತಿಸಿದ ಹಗ್ಗದಲ್ಲಿ ಇಳಿಸಿ. ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳಿ. ದೋಣಿಯ ನೆರಳಿನ ಬದಿಯಲ್ಲಿ, ಹಗಲು ಹತ್ತರಿಂದ ಎರಡರೊಳಗೆ, ಪ್ರತಿ ಸಲವೂ ಒಬ್ಬರೇ ನೋಡಿದರೆ ಒಳ್ಳೆಯದು.

ಆಮ್ಲಜನಕಕ್ಕೆ ಸಿಗಡಿ ಕೆರೆಗಳಲ್ಲಿ ಬಳಸುವ ಪರೀಕ್ಷಾ ಕಿಟ್ ಸಾಕು. ಇದನ್ನು ಅಳೆಯಬೇಕಾದ ಹೊತ್ತು ಬೆಳಗಿನ ಜಾವ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಎಲ್ಲ ಜೀವಿಗಳೂ ಅದನ್ನು ತಿನ್ನುತ್ತವೆ, ಹಾಗಾಗಿ ಸೂರ್ಯೋದಯಕ್ಕೆ ಮುನ್ನ ಮಟ್ಟ ಅತಿ ಕೆಳಗಿರುತ್ತದೆ. ಬಿಸಿಯಾದ ಉಪ್ಪುನೀರಿಗೆ ಆಮ್ಲಜನಕ ಹಿಡಿದಿಡುವ ಶಕ್ತಿಯೇ ಕಡಿಮೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಸಿಹಿನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಕರಗಬಲ್ಲುದಾದರೆ, ಕಡಲಿನಷ್ಟು ಉಪ್ಪಿರುವ ನೀರಿನಲ್ಲಿ ಸುಮಾರು ಆರು ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಹಿನ್ನೀರುಗಳು ಇರುವುದು ಇದೇ ಸ್ಥಿತಿಯಲ್ಲಿ. ಪಚ್ಚಿಲೆ ಅತಿ ದೊಡ್ಡದಾಗಿ, ಅತಿ ಹೆಚ್ಚು ಉಸಿರಾಡುವುದೂ ಆಗಲೇ.

ಕೆಸರನ್ನು ಓದುವುದು

ಎಲ್ಲ ಪರೀಕ್ಷೆಗಳಲ್ಲಿ ಒಂದನ್ನು ಮಾತ್ರ ಮಾಡಲು ಪುರುಸೊತ್ತಿದೆ ಎಂದರೆ ನಾನು ಇದನ್ನೇ ಮಾಡಿ ಎನ್ನುತ್ತೇನೆ. ನೀರು ಆರು ತಾಸಿಗೊಮ್ಮೆ ಬದಲಾಗುತ್ತದೆ. ಕೆಸರು ತಿಂಗಳುಗಳ ಕಥೆಯನ್ನು ಹಿಡಿದಿಟ್ಟುಕೊಂಡಿರುತ್ತದೆ.

ಎರಡು ಇಂಚು ಅಗಲದ, ಒಂದೂವರೆ ಅಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ತೆಗೆದುಕೊಳ್ಳಿ. ನೀರು ಇಳಿದಿರುವಾಗ ಚಪ್ಪರದ ಅಂಚಿಗೆ ಹೋಗಿ ಕೊಳವೆಯನ್ನು ನೇರವಾಗಿ ಕೆಸರಿಗೆ ಒಂದು ಗೇಣು ಒತ್ತಿ. ಮೇಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ನಿಧಾನವಾಗಿ ಎಳೆಯಿರಿ, ತಳ ನೀರಿನಿಂದ ಹೊರಬರುವ ಮೊದಲೇ ಇನ್ನೊಂದು ಕೈಯನ್ನು ಅಡಿಗೆ ಕೊಡಿ. ಆಳವಿರುವಲ್ಲಿ ಇದಕ್ಕೆ ಮುಳುಗಬಲ್ಲವರೇ ಬೇಕು. ಕಾಲಿಗೆ ಗಟ್ಟಿ ಅಡಿಯ ಬೂಟು ಇರಲಿ, ಕೆಸರಿನಲ್ಲಿ ಹೂತ ಸಿಂಪಿಯ ಅಂಚು ಪಾದವನ್ನು ಸೀಳಿಬಿಡುತ್ತದೆ.

ಕೊಳವೆಯನ್ನು ಬೆಳಕಿಗೆ ಹಿಡಿದರೆ ಪದರಗಳು ಕಾಣುತ್ತವೆ. ಮೇಲೆ ತೆಳುವಾದ ಕಂದು ಬಣ್ಣದ ಪದರ, ಅಲ್ಲಿವರೆಗೆ ಆಮ್ಲಜನಕ ತಲುಪುತ್ತಿದೆ. ಅದರ ಕೆಳಗೆ ಬೂದಿ, ಮತ್ತೂ ಕೆಳಗೆ ಕಪ್ಪು. ಕಾಂಡ್ಲಾ ಗಿಡಗಳ ಹತ್ತಿರದ ಕೆಸರು ಸಹಜವಾಗಿಯೇ ಕಪ್ಪಗಿರುತ್ತದೆ, ಒಂದಿಷ್ಟು ವಾಸನೆಯೂ ಇರುತ್ತದೆ. ಆದ್ದರಿಂದ ಕಪ್ಪು ಕಂಡ ಕೂಡಲೇ ಗಾಬರಿಯಾಗಬೇಡಿ. ಕಂದು ಪದರದ ದಪ್ಪವನ್ನು ಸ್ಕೇಲಿನಿಂದ ಅಳೆದು, ಹೋಲಿಕೆಯ ಜಾಗದ ಕೊಳವೆಯೊಂದಿಗೆ ಪಕ್ಕಪಕ್ಕದಲ್ಲಿ ಇಟ್ಟು ಫೋಟೋ ತೆಗೆಯಿರಿ. ಅಲ್ಲಿ ಐದಾರು ಮಿಲಿಮೀಟರ್ ಇದ್ದು ಚಪ್ಪರದ ಅಡಿಯಲ್ಲಿ ಒಂದೆರಡು ಮಿಲಿಮೀಟರಿಗೆ ಇಳಿದಿದ್ದರೆ ತಳಕ್ಕೆ ಹೊರೆ ಹೆಚ್ಚಾಗುತ್ತಿದೆ. ಕಂದು ಪದರವೇ ಇಲ್ಲದೆ ಕಪ್ಪು ಮೇಲಿನವರೆಗೆ ಬಂದಿದ್ದರೆ, ಅದರ ಮೇಲೆ ಬಿಳಿಯ ನವಿರಾದ ಪೊರೆಯೊಂದು ಹರಡಿದ್ದರೆ, ಅದು ಗಂಧಕ ತಿಂದು ಬದುಕುವ ಬ್ಯಾಕ್ಟೀರಿಯಾ. ಅಲ್ಲಿಗೆ ಹೈಡ್ರೋಜನ್ ಸಲ್ಫೈಡ್ ಕೆಸರಿನ ಮೇಲ್ಮೈಯವರೆಗೆ ಬಂದಿದೆ ಎಂದೇ ಅರ್ಥ.

ಬಳಿಕ ಕೆಸರನ್ನು ಅಗಲವಾದ ತಟ್ಟೆಗೆ ಸುರಿದು ನೀರು ಹಾಕಿ ಜಾಲಿಸಿ. ಹುಳುಗಳು, ಸಣ್ಣ ಏಡಿ, ಪುಟ್ಟ ಚಿಪ್ಪುಗಳು ಎಷ್ಟಿವೆ ನೋಡಿ. ಬಗೆಬಗೆಯ ಜೀವಿಗಳಿದ್ದರೆ ತಳ ಉಸಿರಾಡುತ್ತಿದೆ. ಒಂದೇ ಬಗೆಯ ತೆಳು ಕೆಂಪು ಹುಳು ಮಾತ್ರ ಗಿಜಿಗುಡುತ್ತಿದ್ದರೆ ಎಚ್ಚರ ವಹಿಸಬೇಕು. ಏನೂ ಇಲ್ಲದಿದ್ದರೆ ತಡವಾಗಿಬಿಟ್ಟಿದೆ.

ಚಪ್ಪರ ಕಟ್ಟುವಾಗ

ಮರಿ ಕಟ್ಟುವ ವಿಧಾನ ಸಂಶೋಧನಾ ಸಂಸ್ಥೆಯ ತರಬೇತಿಯಲ್ಲಿ ಚೆನ್ನಾಗಿ ಕಲಿಸುತ್ತಾರೆ. ಮರಿಗಳನ್ನು ಹಗ್ಗದ ಸುತ್ತ ಹರಡಿ ಸೊಳ್ಳೆಪರದೆಯಂಥ ಹತ್ತಿಯ ಬಟ್ಟೆಯಿಂದ ಹೊಲಿದರೆ, ಬಟ್ಟೆ ಕೆಲವೇ ದಿನಗಳಲ್ಲಿ ಕರಗುವ ಹೊತ್ತಿಗೆ ಮರಿಗಳು ತಮ್ಮ ನಾರಿನಿಂದ ಹಗ್ಗವನ್ನು ಹಿಡಿದಿರುತ್ತವೆ. ಬಟ್ಟೆ ಅಪ್ಪಟ ಹತ್ತಿಯದೇ ಆಗಿರಲಿ. ನೈಲಾನ್ ಪರದೆ ಕರಗದೆ ಹಿನ್ನೀರಿನಲ್ಲೇ ಉಳಿಯುತ್ತದೆ.

ನೀರಿನ ದೃಷ್ಟಿಯಿಂದ ಮುಖ್ಯವಾದದ್ದು ಅಂತರ. ಹಗ್ಗಗಳ ನಡುವೆ ಅರ್ಧ ಮೀಟರ್ ಬಿಡಿ. ಹಗ್ಗ ತುಂಬಿದ ಮೇಲೆ ಅದರ ದಪ್ಪ ಎಷ್ಟಾಗುತ್ತದೆ ಎಂಬುದು ಕಟ್ಟುವ ದಿನ ಕಣ್ಣಿಗೆ ಕಾಣುವುದಿಲ್ಲ, ಜಾಗ ಖಾಲಿ ಹೋಗುತ್ತಿದೆ ಅನ್ನಿಸಿ ನಡುವೆ ಇನ್ನೊಂದು ಸಾಲು ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಗೆ ಬೆಲೆ ತೆರುವುದು ಏಪ್ರಿಲ್ ತಿಂಗಳಲ್ಲಿ. ಚಪ್ಪರದ ಉದ್ದದ ಬದಿ ಹರಿವಿನ ದಿಕ್ಕಿಗಿರಲಿ. ನೀರು ಅತಿ ಕೆಳಕ್ಕೆ ಇಳಿದಾಗಲೂ ಹಗ್ಗದ ತುದಿ ತಳದಿಂದ ಅರ್ಧ ಮೀಟರಾದರೂ ಮೇಲಿರಲಿ. ಚಪ್ಪರಗಳನ್ನು ಹರಿವಿನ ಉದ್ದಕ್ಕೆ ಒಂದರ ಹಿಂದೊಂದು ಸಾಲಾಗಿ ಇಟ್ಟರೆ ಮುಂದಿನದು ಸೋಸಿಬಿಟ್ಟ ನೀರು ಹಿಂದಿನದಕ್ಕೆ ಸಿಗುತ್ತದೆ, ಅಂದರೆ ಊಟವಿಲ್ಲದ ನೀರು. ಅಡ್ಡಡ್ಡವಾಗಿ ಜಾರಿಸಿ ಇಟ್ಟು, ನಡುವೆ ದೋಣಿ ಹೋಗುವಷ್ಟು ಹಾದಿ ಬಿಡಿ.

ಒಂದು ಗುಂಪಿನ ಚಪ್ಪರದಿಂದ ಹಿನ್ನೀರು ಕೆಡುವುದಿಲ್ಲ. ಮೊದಲ ವರ್ಷ ಲಾಭ ಕಂಡು ಮೂರನೆಯ ವರ್ಷಕ್ಕೆ ಊರೆಲ್ಲ ಅಲ್ಲೇ ಚಪ್ಪರ ಹಾಕಿದಾಗ ಕೆಡುತ್ತದೆ. ಆದ್ದರಿಂದ ಎಷ್ಟು ಚಪ್ಪರ ಎಂಬ ಮಿತಿಯನ್ನು ಗುಂಪುಗಳು ಒಟ್ಟಾಗಿ ಕಟ್ಟಿಕೊಳ್ಳಬೇಕು. ಅದಕ್ಕೆ ಅಡುಗೆಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಪ್ರತಿ ತಿಂಗಳು ಒಂದು ಕೆಜಿ ಪಚ್ಚಿಲೆಯನ್ನು ಬೇಯಿಸಿ, ಚಿಪ್ಪು ಬಿಡಿಸಿ, ಮಾಂಸವನ್ನು ತೂಗಿ ಬರೆದಿಡಿ. ಅದೇ ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಮಾಂಸ ಕಡಿಮೆಯಾಗಿದ್ದು, ತಟ್ಟೆ ಮರೆಯಾಗುವ ಆಳ ಹೆಚ್ಚಾಗಿದ್ದರೆ, ನೀರಿನಲ್ಲಿರುವ ಊಟ ಚಪ್ಪರಗಳಿಗೆ ಸಾಲುತ್ತಿಲ್ಲ. ತಿಳಿನೀರು ಕಂಡು ಹಿಗ್ಗುವ ಸಮಯ ಅದಲ್ಲ, ಹಗ್ಗ ಕಡಿಮೆ ಮಾಡುವ ಸಮಯ.

ಬೆಳೆಯ ತಿಂಗಳುಗಳಲ್ಲಿ

ವಾರಕ್ಕೊಮ್ಮೆ ಉಪ್ಪಿನಂಶ ಮತ್ತು ತಿಳಿ, ಪ್ರತಿ ಅಷ್ಟಮಿಯ ಬೆಳಗಿನ ಜಾವ ತಳದ ನೀರಿನ ಆಮ್ಲಜನಕ, ತಿಂಗಳಿಗೊಮ್ಮೆ ಕೆಸರಿನ ಕೊಳವೆ. ಪುಸ್ತಕದಲ್ಲಿ ತಾರೀಕಿನ ಪಕ್ಕ ತಿಥಿಯನ್ನೂ ಬರೆಯಿರಿ, ಹರಿವಿನ ಅಂದಾಜು ಅದರಿಂದಲೇ ಸಿಗುತ್ತದೆ.

ಆಮ್ಲಜನಕ ಲೀಟರಿಗೆ ನಾಲ್ಕು ಮಿಲಿಗ್ರಾಮಿಗಿಂತ ಮೇಲಿದ್ದರೆ ನಿಶ್ಚಿಂತೆ. ಎರಡಕ್ಕೆ ಇಳಿದರೆ ಮೀನುಗಳು ಜಾಗ ಬಿಟ್ಟು ಓಡುತ್ತವೆ, ತಳದ ಜೀವಿಗಳು ಸಾಯತೊಡಗುತ್ತವೆ. ಪಚ್ಚಿಲೆ ಚಿಪ್ಪು ಮುಚ್ಚಿಕೊಂಡು ಸ್ವಲ್ಪ ಕಾಲ ತಡೆಯಬಲ್ಲುದು. ಆದ್ದರಿಂದ ಪಚ್ಚಿಲೆ ಬದುಕಿದೆ ಎಂಬ ಒಂದೇ ಕಾರಣಕ್ಕೆ ನೀರು ಸರಿ ಇದೆ ಎಂದು ತಿಳಿಯಬಾರದು. ಮೂರರ ಆಸುಪಾಸಿಗೆ ಬಂದಾಗಲೇ ಕೆಲಸ ಶುರುಮಾಡಬೇಕು. ಮಾರಾಟದ ಗಾತ್ರಕ್ಕೆ ಬಂದಿರುವ ಹಗ್ಗಗಳನ್ನು ಕೂಡಲೇ ಎತ್ತಿ ಮಾರಿ, ಉಳಿದವುಗಳಲ್ಲಿ ಒಂದು ಬಿಟ್ಟು ಒಂದನ್ನು ಹರಿವು ಹೆಚ್ಚಿರುವ ಕಡೆಗೆ ಸಾಗಿಸಿ. ತಳದ ಕೆಸರನ್ನು ಕೆದಕಿ ಸ್ವಚ್ಛ ಮಾಡುತ್ತೇವೆಂದು ಹೋಗಲೇಬೇಡಿ. ಕಲಕಿದ ಕಪ್ಪು ಕೆಸರು ಇರುವ ಅಲ್ಪ ಆಮ್ಲಜನಕವನ್ನೂ ಹೀರಿಕೊಂಡು ವಿಷಾನಿಲವನ್ನು ಮೇಲಕ್ಕೆ ತರುತ್ತದೆ. ಹಗ್ಗದಿಂದ ಕಳಚಿಬಿದ್ದ ಗೊಂಚಲುಗಳನ್ನು ಮಾತ್ರ ಆಗಾಗ ಹೆಕ್ಕಿ ದಡಕ್ಕೆ ತನ್ನಿ.

ಊರಿನಿಂದ ಹಿನ್ನೀರಿಗೆ ಬರುವುದು

ಪಚ್ಚಿಲೆ ನೀರಿಗೆ ಮಾಡುವ ತೊಂದರೆಗಿಂತ ನೀರು ಪಚ್ಚಿಲೆಗೆ, ಅದರ ಮೂಲಕ ತಿನ್ನುವವರಿಗೆ ಮಾಡುವ ತೊಂದರೆ ಎಷ್ಟೋ ಸಲ ದೊಡ್ಡದು. ಸೋಸಿ ತಿನ್ನುವ ಜೀವಿ ಚರಂಡಿಯ ಬ್ಯಾಕ್ಟೀರಿಯಾ, ವೈರಸ್‌ಗಳನ್ನೂ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಯುರೋಪಿನ ನಿಯಮದಂತೆ, ಮಲದ ಸೋಂಕು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ ಹೆಚ್ಚಿನ ಮಾದರಿಗಳಲ್ಲಿ 100 ಗ್ರಾಂ ಮಾಂಸಕ್ಕೆ 230ರೊಳಗಿದ್ದರೆ ನೇರವಾಗಿ ಮಾರಬಹುದು. ಅದಕ್ಕೂ ಮೇಲೆ 4,600ರವರೆಗೆ ಇದ್ದರೆ ಮಾರುವ ಮುನ್ನ ಶುದ್ಧೀಕರಣದಂಥ ಕ್ರಮ ಬೇಕು. ಶುದ್ಧೀಕರಣವೆಂದರೆ ಸೋಸಿ, ಸೋಂಕು ಕಳೆದ ಉಪ್ಪುನೀರು ಹರಿಯುವ ತೊಟ್ಟಿಯಲ್ಲಿ ಕನಿಷ್ಠ 24 ಗಂಟೆ ಜೀವಂತ ಪಚ್ಚಿಲೆಯನ್ನು ಇಡುವುದು. ಬ್ಯಾಕ್ಟೀರಿಯಾ ಇದರಿಂದ ಬಹುಮಟ್ಟಿಗೆ ಹೋಗುತ್ತದೆ. ವೈರಸ್ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಭಾರಲೋಹಗಳಂತೂ ಇಲ್ಲವೇ ಇಲ್ಲ.

ಪಾಚಿಯ ವಿಷ ಇನ್ನೂ ಗಂಭೀರ. 1983ರಲ್ಲಿ ಕುಂಬಳೆಯ ಅಳಿವೆಯ ಚಿಪ್ಪು ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆಯ ಬಳಗದ ಕಂದು ಚಿಪ್ಪಿನ ಜೀವಿಯನ್ನು ತಿಂದು ಏಳು ಮಂದಿ ಸತ್ತರು. ನರಗಳನ್ನು ಕಟ್ಟಿಹಾಕುವ ಈ ವಿಷ ಬೇಯಿಸಿದರೂ ಹೋಗುವುದಿಲ್ಲ. ನೀರು ಇದ್ದಕ್ಕಿದ್ದಂತೆ ಕೆಂಪು, ಕಂದು ಅಥವಾ ಗಾಢ ಹಸಿರಿಗೆ ತಿರುಗಿದರೆ ಕೊಯ್ಲು ನಿಲ್ಲಿಸಿ ಮೀನುಗಾರಿಕಾ ಇಲಾಖೆಗೆ ತಿಳಿಸಿ. ಬಣ್ಣ ಬದಲಾಗದೆಯೂ ವಿಷ ಇರಬಲ್ಲುದಾದ್ದರಿಂದ, ತಿಂದವರಿಗೆ ತುಟಿ, ನಾಲಿಗೆ ಜುಮ್ಮೆನ್ನುವುದು ಮೊದಲಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಗಾಗಿ ಹಿನ್ನೀರಿಗೆ ಬೀಳುವ ಚರಂಡಿ, ಸಿಗಡಿ ಕೆರೆಗಳ ಹೊರನೀರು, ಮೀನು ಇಳಿಸುವ ಜಾಗದ ತೊಳೆನೀರು ಎಲ್ಲಿ ಸೇರುತ್ತದೆ ಎಂದು ನಡೆದು ನೋಡಿ ನಕಾಶೆ ಮಾಡಿಕೊಳ್ಳಿ. ಚಪ್ಪರ ಅವುಗಳಿಂದ ದೂರವಿರಲಿ, ಅಕಾಲಿಕ ಮಳೆ ಸುರಿದ ಮೇಲೆ ಕೆಲವು ದಿನ ಕೊಯ್ಲು ಬೇಡ. ನಿಮ್ಮ ಪುಸ್ತಕದ ಅಂಕಿಗಳನ್ನು ಹಿಡಿದು ಗ್ರಾಮಸಭೆಯಲ್ಲಿ ಚರಂಡಿಯ ಪ್ರಶ್ನೆ ಎತ್ತಿ. ತೋ ಹಿನ್ನೀರಿನ ಸುತ್ತಲಿನ ಊರುಗಳಲ್ಲಿ 1970ರ ದಶಕದಿಂದ ಚರಂಡಿ ನೀರಿನ ಸಂಸ್ಕರಣೆ ಸುಧಾರಿಸುತ್ತ ಬಂದದ್ದರಿಂದ ಅಲ್ಲಿನ ರಂಜಕದ ಮಟ್ಟ ಗಣನೀಯವಾಗಿ ಇಳಿಯಿತು. ಪಚ್ಚಿಲೆಯನ್ನು ಚರಂಡಿ ತೊಳೆಯುವ ಯಂತ್ರವಾಗಿ ಬಳಸಿ, ಅದನ್ನೇ ಜನರಿಗೆ ತಿನ್ನಿಸುವ ಯೋಚನೆಯನ್ನು ಯಾರೇ ಮುಂದಿಟ್ಟರೂ ನಾನು ಒಪ್ಪಲಾರೆ.

ಕೊಯ್ಲು ಮತ್ತು ಆಮೇಲೆ

ಪೋಷಕಾಂಶ ಹಿನ್ನೀರಿನಿಂದ ನಿಜವಾಗಿ ಹೊರಗೆ ಹೋಗುವುದು ಪಚ್ಚಿಲೆಯನ್ನು ಎತ್ತಿ ದಡಕ್ಕೆ ತಂದಾಗ. ಯುರೋಪಿನ ಪಚ್ಚಿಲೆಯ ಲೆಕ್ಕದಂತೆ ಚಿಪ್ಪು ಸಹಿತ ಒಂದು ಟನ್ನಿನಲ್ಲಿ ಸುಮಾರು ಎಂಟರಿಂದ ಹನ್ನೆರಡು ಕೆಜಿ ಸಾರಜನಕ, ಒಂದು ಕೆಜಿಗಿಂತ ಕಡಿಮೆ ರಂಜಕ ಇರುತ್ತದೆ. 45 ಕೆಜಿಯ ಯೂರಿಯಾ ಚೀಲದಲ್ಲಿ ಇಪ್ಪತ್ತು ಕೆಜಿ ಚಿಲ್ಲರೆ ಸಾರಜನಕ. ಅಂದರೆ ನಿಮ್ಮ ಒಂದು ಚಪ್ಪರ ಹಿನ್ನೀರಿನಿಂದ ಅರ್ಧ ಚೀಲ ಯೂರಿಯಾದಷ್ಟು ಸಾರಜನಕವನ್ನು ಹೊರಗೆ ತೆಗೆಯುತ್ತದೆ. ಕಡೆಗಣಿಸುವಂಥದ್ದಲ್ಲ, ಆದರೆ ಮೇಲಿನ ತೋಟ, ಗದ್ದೆ, ಊರುಗಳಿಂದ ಬರುವುದರ ಮುಂದೆ ಎಷ್ಟು ಎಂಬುದನ್ನೂ ಯೋಚಿಸಬೇಕು.

ಈ ಲಾಭ ಉಳಿಯಬೇಕಾದರೆ ಬೆಳೆ ನೀರಿನಲ್ಲೇ ಸಾಯಬಾರದು. ಜೂನ್‌ನಲ್ಲಿ ಮಳೆಗಾಲ ಹಿಡಿದ ಕೂಡಲೇ ನಮ್ಮ ಅಳಿವೆಗಳ ಉಪ್ಪಿನಂಶ ಕುಸಿಯುತ್ತದೆ, ಸಿಹಿನೀರಿನಲ್ಲಿ ಪಚ್ಚಿಲೆ ಉಳಿಯುವುದಿಲ್ಲ. ಒಳ್ಳೆಯ ಬೆಲೆಗೆ ಕಾಯುತ್ತ ಹಗ್ಗಗಳನ್ನು ಬಿಟ್ಟರೆ ಟನ್‌ಗಟ್ಟಲೆ ಮಾಂಸ ಒಂದೇ ವಾರದಲ್ಲಿ ತಳಕ್ಕೆ ಬಿದ್ದು ಕೊಳೆಯುತ್ತದೆ. ಮೇ ಮಧ್ಯದೊಳಗೆ ಕೊಯ್ಲು ಮುಗಿಸಿ. ಹಗ್ಗ, ಬಿದಿರು, ಗಾಳಿಮರದ ಕಂಬ ಎಲ್ಲವನ್ನೂ ಕಿತ್ತು ತನ್ನಿ, ಮುರಿದ ಕಂಬಗಳು ಮಳೆಗಾಲದ ದೋಣಿಗಳಿಗೆ ಅಪಾಯ. ತೊಳೆದ ಕೆಸರನ್ನೂ ಸತ್ತ ಪಚ್ಚಿಲೆಯನ್ನೂ ಮತ್ತೆ ನೀರಿಗೆ ಎಸೆಯಬೇಡಿ, ತೆಂಗಿನ ಬುಡಕ್ಕೆ ಹಾಕಿ. ಚಿಪ್ಪನ್ನು ಸುಣ್ಣದ ಭಟ್ಟಿಗೆ ಕೊಡಬಹುದು.

ಮಳೆಗಾಲದಲ್ಲಿ ಕಾಗದಪತ್ರದ ಕೆಲಸ ಮುಗಿಸಿಕೊಳ್ಳಿ. ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಚಿಪ್ಪುಜೀವಿಗಳ ಕೃಷಿಯೂ ಅದರ ವ್ಯಾಪ್ತಿಗೆ ಬಂದಿದೆ. ನೋಂದಣಿಯ ಕ್ರಮವನ್ನು ಮೀನುಗಾರಿಕಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಅರ್ಜಿಯ ಜೊತೆ ಹಿಂದಿನ ವರ್ಷದ ಅಳತೆಯ ಪುಸ್ತಕದ ಪ್ರತಿಯನ್ನೂ ಇಟ್ಟರೆ ಮಾತು ಬೇರೆಯೇ ತೂಕ ಪಡೆಯುತ್ತದೆ.

ಮಳೆ ನಿಂತು ಅಕ್ಟೋಬರ್-ನವೆಂಬರ್ ಹೊತ್ತಿಗೆ ನೀರು ಮತ್ತೆ ಉಪ್ಪಾಗತೊಡಗಿದಾಗ, ಬಿದಿರು ತರುವ ಮೊದಲು ಹಳೆಯ ಜಾಗದಲ್ಲಿ ಕೆಸರಿನ ಕೊಳವೆ ಒತ್ತಿ ನೋಡಿ. ಮಳೆಗಾಲದ ನೆರೆ ತಳವನ್ನು ತೊಳೆದಿದ್ದು, ಕಂದು ಪದರ ಹೋಲಿಕೆಯ ಜಾಗದಷ್ಟೇ ದಪ್ಪಕ್ಕೆ ಮರಳಿದ್ದರೆ ಅಲ್ಲೇ ಚಪ್ಪರ ಹಾಕಬಹುದು. ಮರಳದಿದ್ದರೆ ಒಂದು ವರ್ಷ ಆ ಜಾಗ ಖಾಲಿ ಇರಲಿ, ಚಪ್ಪರವನ್ನು ಹರಿವಿನ ಅಳತೆ ಮಾಡಿದ ಇನ್ನೊಂದು ಕಡೆಗೆ ಒಯ್ಯಿರಿ.